ಒಂದೇ ಗಣಕಯಂತ್ರದಲ್ಲಿ ಹಲವು ಕಾರ್ಯಾಚರಣಾ ವ್ಯವಸ್ಥೆಗಳು: ವರ್ಚುಯಲ್ ಮೆಷಿನ್ ಕುರಿತು ಸಾರ್ವಜನಿಕ ಮಾಹಿತಿ

ಗಣಕಯಂತ್ರವು ಕಾರ್ಯನಿರ್ವಹಿಸಲು ಯಂತ್ರಾಂಶದ ಜೊತೆಗೆ ಕಾರ್ಯಾಚರಣಾ ವ್ಯವಸ್ಥೆ ಎಂಬ ಮೂಲ ತಂತ್ರಾಂಶವು ಅವಶ್ಯಕವಾಗಿರುತ್ತದೆ. ವಿಂಡೋಸ್ ಮತ್ತು ಲಿನಕ್ಸ್ ಇವುಗಳ ಪೈಕಿ ಹೆಚ್ಚು ಪರಿಚಿತವಾದವು. ಸಾಮಾನ್ಯವಾಗಿ ಒಂದು ಗಣಕಯಂತ್ರದಲ್ಲಿ ಒಂದೇ ಕಾರ್ಯಾಚರಣಾ ವ್ಯವಸ್ಥೆಯನ್ನು ಅಳವಡಿಸಲಾಗಿರುತ್ತದೆ. ಆದರೆ ವರ್ಚುಯಲ್ ಮೆಷಿನ್, ಅಂದರೆ ಕಲ್ಪಿತ ಗಣಕ ಎಂಬ ವಿಧಾನದಿಂದ, ಹೊಸ ಗಣಕಯಂತ್ರದ ಒಳಗೆಯೇ ಹಳೆಯ ವ್ಯವಸ್ಥೆಯೊಂದನ್ನು ಅಥವಾ ಬೇರೊಂದು ವ್ಯವಸ್ಥೆಯನ್ನು ಏಕಕಾಲದಲ್ಲಿ ನಡೆಸಬಹುದಾಗಿದೆ. ಹಳೆಯ ತಂತ್ರಾಂಶದಲ್ಲಿ ಸಿಲುಕಿರುವ ಕಾಗದಪತ್ರ ಹಾಗೂ ಲೆಕ್ಕಪತ್ರಗಳನ್ನು ಉಳಿಸಿಕೊಳ್ಳಲು ಇದು ಉಪಯುಕ್ತವಾಗಿರುವುದರಿಂದ ಈ ಮಾಹಿತಿಯನ್ನು ಸಾರ್ವಜನಿಕರ ಗಮನಕ್ಕೆ ತರಲಾಗಿದೆ.

ಹಿನ್ನೆಲೆ

ತುಂಗಭದ್ರಾ ನದಿಯ ದಡದಲ್ಲಿರುವ ಹೊನ್ನಾಳಿಯು 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾಗುವವರೆಗೆ ಶಿವಮೊಗ್ಗ ಜಿಲ್ಲೆಗೆ ಸೇರಿತ್ತು. ಚನ್ನಗಿರಿಯೂ ಅದೇ ಜಿಲ್ಲೆಯಿಂದ ಬಂದಿತು. ಜಗಳೂರು ಚಿತ್ರದುರ್ಗ ಜಿಲ್ಲೆಯಿಂದ ಬಂದಿತು. ತದನಂತರ ಹೊನ್ನಾಳಿಯಿಂದ ನ್ಯಾಮತಿಯು ಪ್ರತ್ಯೇಕ ತಾಲ್ಲೂಕಾಯಿತು. ಗಡಿಗಳು ಹೀಗೆ ಬದಲಾದ ಅವಧಿಯಲ್ಲಿಯೇ ಕಾಗದದ ಕಡತಗಳು ಗಣಕಯಂತ್ರಕ್ಕೆ ವರ್ಗವಾಗತೊಡಗಿದವು. ಭೂಮಿ ಯೋಜನೆಯಡಿ ಪಹಣಿಗಳನ್ನು ಗಣಕೀಕರಿಸಿ, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಆರಂಭದಲ್ಲಿ ರೂ. 15 ಶುಲ್ಕಕ್ಕೆ ಮುದ್ರಿತ ಪ್ರತಿಯನ್ನು ನೀಡುವ ವ್ಯವಸ್ಥೆ ಬಂದದ್ದು ಈ ಕಾಲದಲ್ಲಿ. ಕನ್ನಡ ಗಣಕ ಪರಿಷತ್ತು ಅಭಿವೃದ್ಧಿಪಡಿಸಿದ ನುಡಿ ತಂತ್ರಾಂಶವು ಸರ್ಕಾರಿ ಕಚೇರಿಗಳಲ್ಲಿ ಬಳಕೆಗೆ ಬಂದದ್ದೂ ಆಗಲೇ. ತಾಲ್ಲೂಕು ಕಚೇರಿಗಳ ಸುತ್ತಮುತ್ತಲಿನ ಬೆರಳಚ್ಚು ಅಂಗಡಿಗಳು, ಮುದ್ರಣಾಲಯಗಳು, ಸಹಕಾರ ಸಂಘಗಳು, ಅಡಿಕೆ ಮಂಡಿಗಳು ಹಾಗೂ ಶಾಲೆಗಳು ಕೂಡ ಅದೇ ಮಾರ್ಗವನ್ನು ಹಿಡಿದವು.

ಭೂಮಿಯ ದತ್ತಾಂಶವನ್ನು ತಾಲ್ಲೂಕು ಮಟ್ಟದ ಸರ್ವರ್‌ಗಳಿಂದ ಕೇಂದ್ರೀಕೃತ ವ್ಯವಸ್ಥೆಗೆ ವರ್ಗಾಯಿಸಲಾಯಿತಾದ್ದರಿಂದ ಪಹಣಿಯ ವಿಷಯದಲ್ಲಿ ರೈತರು ಹಳೆಯ ಯಂತ್ರದ ಬಗ್ಗೆ ಚಿಂತಿಸಬೇಕಾಗಿಲ್ಲ. ಆದರೆ ಸಂಘದ ಸದಸ್ಯರ ಸಾಲದ ಖಾತೆ, ಶಾಲೆಯ ಹಳೆಯ ದಾಖಲಾತಿ ಪಟ್ಟಿ, ದೇವಸ್ಥಾನ ಸಮಿತಿಯ ನಡವಳಿ, ಮುದ್ರಣಾಲಯದಲ್ಲಿ ಪುಟವಿನ್ಯಾಸ ಮಾಡಿಟ್ಟ ಪುಸ್ತಕ ಇಂತಹವುಗಳನ್ನು ಯಾರೂ ವರ್ಗಾಯಿಸಿಲ್ಲ. ಇವು ಈಗಲೂ ಹಲವೆಡೆ, ಮೂಲೆಯಲ್ಲಿ ಬಟ್ಟೆ ಹೊದಿಸಿಟ್ಟಿರುವ ವಿಂಡೋಸ್ ಎಕ್ಸ್‌ಪಿ ಗಣಕಯಂತ್ರವೊಂದರಲ್ಲಿ ಮಾತ್ರ ಲಭ್ಯವಿರುತ್ತವೆ. ವರ್ಷಕ್ಕೊಮ್ಮೆ ಲೆಕ್ಕ ಪರಿಶೋಧನೆಯ ಸಮಯದಲ್ಲಿ ಅದನ್ನು ಚಾಲನೆ ಮಾಡಲಾಗುತ್ತದೆ. ಒಂದು ವರ್ಷ ಅದು ಚಾಲನೆಯಾಗುವುದಿಲ್ಲ. ಆಗ ಬಿಡಿಭಾಗಗಳಿಗಾಗಿ ಶಿವಮೊಗ್ಗ ಹಾಗೂ ದಾವಣಗೆರೆಯ ಅಂಗಡಿಗಳಿಗೆ ಅಲೆದಾಟ ಆರಂಭವಾಗುತ್ತದೆ.

ಹೊಸ ಗಣಕಯಂತ್ರದಲ್ಲಿ ಹಳೆಯ ತಂತ್ರಾಂಶ ಏಕೆ ನಡೆಯುವುದಿಲ್ಲ?

ಹೊಸ ಯಂತ್ರ ಖರೀದಿಸಿ ಹಳೆಯ ತಂತ್ರಾಂಶವನ್ನು ಅದರಲ್ಲಿ ಹಾಕಿಕೊಂಡರಾಯಿತು ಎಂಬ ಅಭಿಪ್ರಾಯವು ಸಾಮಾನ್ಯ. ಅನೇಕ ಸಂದರ್ಭಗಳಲ್ಲಿ ಇದು ಸಾಧ್ಯವಾಗುವುದಿಲ್ಲ. ಡಾಸ್ ಕಾಲದ ತಂತ್ರಾಂಶಗಳು ಹಾಗೂ ವಿಂಡೋಸ್‌ನ ಆರಂಭದ ದಿನಗಳ ತಂತ್ರಾಂಶಗಳು 16 ಬಿಟ್ ವಿಧಾನದಲ್ಲಿ ರಚಿತವಾದವು. 64 ಬಿಟ್ ವಿಂಡೋಸ್‌ನಲ್ಲಿ ಇವು ಚಾಲನೆಯಾಗುವುದೇ ಇಲ್ಲ. ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲವಾದ್ದರಿಂದ ಫಾಕ್ಸ್‌ಪ್ರೊ ಬಳಸಿ ಸ್ಥಳೀಯವಾಗಿ ಬರೆಸಿಕೊಂಡ ಲೆಕ್ಕದ ತಂತ್ರಾಂಶ, ಡಾಸ್ ಕಾಲದ ಟ್ಯಾಲಿ ಇವುಗಳಿಗೆ ಅಲ್ಲಿ ನೇರ ಪ್ರವೇಶವಿಲ್ಲ. ಎಕ್ಸ್‌ಪಿ ಕಾಲದ 32 ಬಿಟ್ ತಂತ್ರಾಂಶಗಳಲ್ಲಿ ಹಲವು ನಡೆಯುತ್ತವೆ. ನಡೆಯದಿರುವವು ಕೀಲಿಮಣೆಯ ಚಾಲಕ ಅಥವಾ ಮುದ್ರಕದ ಚಾಲಕದಂತಹ ಒಳಭಾಗಗಳನ್ನು ನೇರವಾಗಿ ಮುಟ್ಟುವಂತಹವು.

ಹಾಗೆಂದು ಹಳೆಯ ಯಂತ್ರವನ್ನೇ ಅಂತರಜಾಲಕ್ಕೆ ಜೋಡಿಸಿ ಬಳಸುವುದು ಸುರಕ್ಷಿತವಲ್ಲ. ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಸಂಸ್ಥೆಯ ಬೆಂಬಲವು ದಿನಾಂಕ 8-4-2014ಕ್ಕೆ, ವಿಂಡೋಸ್ 7ಕ್ಕೆ 14-1-2020ಕ್ಕೆ ಹಾಗೂ ವಿಂಡೋಸ್ 10ಕ್ಕೆ 14-10-2025ಕ್ಕೆ ಮುಕ್ತಾಯಗೊಂಡಿತು. 2017ರ ಮೇ ತಿಂಗಳಿನಲ್ಲಿ ವನ್ನಾಕ್ರೈ ಎಂಬ ಕುತಂತ್ರಾಂಶವು ವಿಶ್ವದಾದ್ಯಂತ ಕಡತಗಳಿಗೆ ಬೀಗ ಹಾಕಿ ಹಣ ಕೇಳಿದಾಗ, ಬೆಂಬಲ ಮುಗಿದು ಮೂರು ವರ್ಷಗಳಾಗಿದ್ದ ಎಕ್ಸ್‌ಪಿಗೂ ಸಂಸ್ಥೆಯು ವಿಶೇಷ ತೇಪೆಯೊಂದನ್ನು ಬಿಡುಗಡೆ ಮಾಡಬೇಕಾಯಿತು.

ಎಲ್ಲಕ್ಕೂ ವರ್ಚುಯಲ್ ಮೆಷಿನ್ ಅವಶ್ಯಕವೇ?

ಇಲ್ಲ. ಮೊದಲು ಕಷ್ಟವೇನೆಂಬುದನ್ನು ಗುರುತಿಸಿಕೊಳ್ಳತಕ್ಕದ್ದು. ನುಡಿಯ ಹಳೆಯ ಆವೃತ್ತಿಗಳಲ್ಲಿ ಬೆರಳಚ್ಚು ಮಾಡಿದ ಪತ್ರವೊಂದು ಹೊಸ ಯಂತ್ರದಲ್ಲಿ ರೋಮನ್ ಅಕ್ಷರಗಳ ಕಲಸುಮೇಲೋಗರವಾಗಿ ಕಂಡರೆ, ಕಡತವು ಹಾಳಾಗಿದೆಯೆಂದು ಭಾವಿಸಬಾರದು. ಅಂದಿನ ಕನ್ನಡ ತಂತ್ರಾಂಶಗಳು ಕನ್ನಡ ಅಕ್ಷರದ ತುಣುಕುಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತ ಸಂಖ್ಯೆಗಳಲ್ಲಿಯೇ ಇರಿಸುತ್ತಿದ್ದವು. ಸಂಬಂಧಿಸಿದ ಅಕ್ಷರಶೈಲಿ ಇದ್ದಲ್ಲಿ ಅದು ಕನ್ನಡ. ಇಲ್ಲದಿದ್ದಲ್ಲಿ ಅರ್ಥವಿಲ್ಲದ ಚಿಹ್ನೆಗಳು. ನುಡಿ 01 ಇ ಮುಂತಾದ ಅಕ್ಷರಶೈಲಿಯನ್ನು ಹೊಸ ಯಂತ್ರದಲ್ಲಿ ಅಳವಡಿಸಿದ ಕೂಡಲೇ ಇಂತಹ ಪತ್ರಗಳು ಓದಲು ಸಿಗುತ್ತವೆ. ನಂತರ ಪರಿವರ್ತಕದ ಮೂಲಕ ಯುನಿಕೋಡ್‌ಗೆ ಬದಲಾಯಿಸಿಕೊಳ್ಳಬಹುದು. ಪರಿವರ್ತನೆಯ ತರುವಾಯ ಅರ್ಕಾವತ್ತು ಹಾಗೂ ಒತ್ತಕ್ಷರಗಳನ್ನು ಸಾಲು ಸಾಲಾಗಿ ಪರಿಶೀಲಿಸುವುದು ಒಳಿತು. ಹೆಸರುಗಳಿರುವ ಪಟ್ಟಿಗಳಲ್ಲಿ ಇದು ಕಡ್ಡಾಯವೆಂದೇ ತಿಳಿಯತಕ್ಕದ್ದು.

ಪ್ರಾಸಂಗಿಕವಾಗಿ ಹೇಳುವುದಾದರೆ, ವಿಂಡೋಸ್ ಎಕ್ಸ್‌ಪಿಯೊಂದಿಗೆ ಬಂದ ಕನ್ನಡ ಯುನಿಕೋಡ್ ಅಕ್ಷರಶೈಲಿಗೆ ತುಂಗಾ ಎಂಬ ಹೆಸರಿದೆ. ಕೂಡಲಿಯಲ್ಲಿ ಭದ್ರೆಯನ್ನು ಕೂಡಿಕೊಂಡು ಹೊನ್ನಾಳಿಗೆ ಹರಿದು ಬರುವ ನದಿಯ ಹೆಸರು ಹೀಗೆ ಜಗತ್ತಿನ ಎಷ್ಟೋ ಗಣಕಯಂತ್ರಗಳ ಅಕ್ಷರಪಟ್ಟಿಯಲ್ಲಿ ಸೇರಿತು. ಎಕ್ಸ್‌ಪಿಯಲ್ಲಿ ಯುನಿಕೋಡ್ ಸೌಲಭ್ಯವಿದ್ದರೂ ಅಂದಿನ ಹೆಚ್ಚಿನ ಬೆರಳಚ್ಚು ಕಾರ್ಯ ನಡೆದದ್ದು ಹಳೆಯ ವಿಧಾನದಲ್ಲಿಯೇ.

ಡಾಸ್ ತಂತ್ರಾಂಶ ಮಾತ್ರ ಇದ್ದಲ್ಲಿ ಡಾಸ್‌ಬಾಕ್ಸ್ ಎಂಬ ಉಚಿತ ತಂತ್ರಾಂಶವು ಬಹುಪಾಲು ಸಾಕಾಗುತ್ತದೆ. ಅಕ್ಷರಶೈಲಿಯಿಂದಲೂ ಡಾಸ್‌ಬಾಕ್ಸ್‌ನಿಂದಲೂ ಬಗೆಹರಿಯದ, ತಂತ್ರಾಂಶವೇ ನಡೆಯಬೇಕಾದ ಪ್ರಕರಣಗಳಿಗೆ ವರ್ಚುಯಲ್ ಮೆಷಿನ್ ಸೂಕ್ತ. ಪುಟವಿನ್ಯಾಸದ ಹಳೆಯ ತಂತ್ರಾಂಶ ಹಾಗೂ ತನ್ನದೇ ದತ್ತಸಂಚಯವುಳ್ಳ ಲೆಕ್ಕದ ತಂತ್ರಾಂಶಗಳು ಇದಕ್ಕೆ ಉದಾಹರಣೆ.

ಪೋಡಿ ಮತ್ತು ಗೇಣಿ

ಒಂದೇ ಯಂತ್ರದಲ್ಲಿ ಎರಡು ವ್ಯವಸ್ಥೆಗಳನ್ನು ಇರಿಸಲು ಎರಡು ವಿಧಾನಗಳಿವೆ. ಮೊದಲನೆಯದು ಹಾರ್ಡ್ ಡಿಸ್ಕನ್ನು ಭಾಗ ಮಾಡಿ, ಒಂದರಲ್ಲಿ ವಿಂಡೋಸ್ ಮತ್ತೊಂದರಲ್ಲಿ ಲಿನಕ್ಸ್ ಹಾಕುವುದು. ಒಂದು ಸರ್ವೆ ನಂಬರನ್ನು ಪೋಡಿ ಮಾಡಿ ಹಿಸ್ಸೆಗಳಾಗಿ ವಿಂಗಡಿಸಿದಂತೆ ಇದು. ಯಂತ್ರವನ್ನು ಚಾಲನೆ ಮಾಡುವಾಗ ಒಂದನ್ನು ಆಯ್ಕೆ ಮಾಡಬೇಕು. ಎರಡನೆಯದು ಆಗ ಮಲಗಿರುತ್ತದೆ. ವೇಗದ ದೃಷ್ಟಿಯಿಂದ ಈ ವಿಧಾನ ಉತ್ತಮ, ಏಕೆಂದರೆ ಚಾಲನೆಯಲ್ಲಿರುವ ವ್ಯವಸ್ಥೆಗೆ ಇಡೀ ಯಂತ್ರವೇ ದೊರೆಯುತ್ತದೆ. ಆದರೆ ಪೋಡಿ ಮಾಡುವಾಗ ಗಡಿ ತಪ್ಪಿದರೆ ಇಡೀ ಜಮೀನಿನ ದಾಖಲೆಯೇ ಕೆಡುತ್ತದೆ. ಅಲ್ಲದೆ ಇಂದಿನ ಯಂತ್ರಾಂಶಕ್ಕೆ ಎಕ್ಸ್‌ಪಿಯಲ್ಲಿ ಚಾಲಕ ತಂತ್ರಾಂಶಗಳೇ ಇಲ್ಲದಿರುವುದರಿಂದ ಹಳೆಯ ವ್ಯವಸ್ಥೆಗೆ ಈ ವಿಧಾನವು ಪ್ರಯೋಜನಕ್ಕೆ ಬರುವುದಿಲ್ಲ.

ಎರಡನೆಯದೇ ವರ್ಚುಯಲ್ ಮೆಷಿನ್. ಇಲ್ಲಿ ಜಮೀನು ಭಾಗವಾಗುವುದಿಲ್ಲ. ಒಡೆಯನು ತನ್ನ ಜಮೀನಿನಲ್ಲಿ ಇಂತಿಷ್ಟು ಗುಂಟೆಯನ್ನು ಗೇಣಿಗೆ ಕೊಟ್ಟು, ಬೇಡವಾದಾಗ ಬಿಡಿಸಿಕೊಳ್ಳುತ್ತಾನೆ. ಮೂಲ ವ್ಯವಸ್ಥೆಯನ್ನು ಆತಿಥೇಯ ಎಂದೂ, ಒಳಗೆ ನಡೆಯುವುದನ್ನು ಅತಿಥಿ ಎಂದೂ ಕರೆಯಲಾಗುತ್ತದೆ. ಅತಿಥಿಗೆ ಸಿಗುವ ಹಾರ್ಡ್ ಡಿಸ್ಕ್ ವಾಸ್ತವದಲ್ಲಿ ಆತಿಥೇಯದ ಒಂದು ದೊಡ್ಡ ಕಡತ ಮಾತ್ರ. ಅದರ ಪರದೆಯು ಒಂದು ಕಿಟಕಿ. ಅದರ ಜಾಲಸಂಪರ್ಕ, ಧ್ವನಿ, ಮುದ್ರಕ ಎಲ್ಲವೂ ತಂತ್ರಾಂಶದಿಂದ ರೂಪಿಸಿದವು. ಇಪ್ಪತ್ತು ವರ್ಷಗಳ ಹಿಂದಿನ ಸಾಮಾನ್ಯ ಯಂತ್ರಾಂಶವನ್ನೇ ಅತಿಥಿಯ ಮುಂದೆ ತೋರಿಸುವುದರಿಂದ, ಎಕ್ಸ್‌ಪಿಯು ತನಗೆ ಪರಿಚಿತವಾದ ಯಂತ್ರದಲ್ಲಿಯೇ ಇದ್ದೇನೆಂದು ಭಾವಿಸುತ್ತದೆ.

ಒಳಗೆ ನಡೆಯುವುದೇನು?

ಕಾರ್ಯಾಚರಣಾ ವ್ಯವಸ್ಥೆಯು ಸ್ವಭಾವತಃ ಯಂತ್ರದ ಸರ್ವಾಧಿಕಾರಿ. ಸ್ಮೃತಿಯ ಹಂಚಿಕೆ, ಡಿಸ್ಕಿನ ಬಳಕೆ, ಯಾವ ತಂತ್ರಾಂಶಕ್ಕೆ ಎಷ್ಟು ಕಾಲ ಎಂಬುದೆಲ್ಲವೂ ಅದರ ಆದೇಶದಂತೆ ನಡೆಯತಕ್ಕದ್ದು. ಇಂತಹ ಇಬ್ಬರು ಸರ್ವಾಧಿಕಾರಿಗಳು ಒಂದೇ ಯಂತ್ರದಲ್ಲಿ ಇರಬೇಕಾದರೆ ಇಬ್ಬರ ಮೇಲೂ ಒಬ್ಬ ಅಧಿಕಾರಿ ಬೇಕು. ಹೈಪರ್‌ವೈಸರ್ ಎಂಬ ತಂತ್ರಾಂಶವು ಆ ಸ್ಥಾನದಲ್ಲಿರುತ್ತದೆ. ಅತಿಥಿಯ ಸಾಮಾನ್ಯ ಕೆಲಸಗಳು, ಅಂದರೆ ಕೂಡುವುದು, ಕಳೆಯುವುದು, ಅಕ್ಷರ ಜೋಡಿಸುವುದು ನೇರವಾಗಿ ಸಂಸ್ಕಾರಕದಲ್ಲಿಯೇ ಪೂರ್ಣ ವೇಗದಲ್ಲಿ ನಡೆಯುತ್ತವೆ. ವಿಶೇಷಾಧಿಕಾರದ ಆದೇಶವೊಂದನ್ನು ಹೊರಡಿಸಿದಾಗ ಮಾತ್ರ ಕಡತವು ತಡೆಹಿಡಿಯಲ್ಪಟ್ಟು ಹೈಪರ್‌ವೈಸರ್ ಮುಂದೆ ಮಂಡನೆಯಾಗುತ್ತದೆ. ಅದು ಪರಿಶೀಲಿಸಿ, ಸೂಕ್ತ ಫಲಿತಾಂಶವನ್ನು ಹಿಂದಿರುಗಿಸುತ್ತದೆ. ತನ್ನ ಆದೇಶವೇ ಜಾರಿಯಾಯಿತೆಂದು ಅತಿಥಿಯು ನಂಬುತ್ತದೆ. ತಾಲ್ಲೂಕು ಕಚೇರಿಯ ಕೆಲಸದ ರೀತಿಯನ್ನು ಬಲ್ಲವರಿಗೆ ಇದು ಹೊಸದೇನಲ್ಲ.

ಈ ಕಲ್ಪನೆ ಇತ್ತೀಚಿನದಲ್ಲ. 1967ರ ಹೊತ್ತಿಗೆ ಐಬಿಎಂ ಸಂಸ್ಥೆಯ ಕೇಂಬ್ರಿಡ್ಜ್ ವಿಜ್ಞಾನ ಕೇಂದ್ರದಲ್ಲಿ ಸಿಪಿ-40 ಎಂಬ ವ್ಯವಸ್ಥೆಯು ಒಂದು ದೊಡ್ಡ ಯಂತ್ರವನ್ನು ಹಲವು ಕಲ್ಪಿತ ಯಂತ್ರಗಳನ್ನಾಗಿ ತೋರಿಸುತ್ತಿತ್ತು. 1972ರಲ್ಲಿ ವಿಎಂ/370 ಎಂಬ ಹೆಸರಿನಲ್ಲಿ ಅದನ್ನು ಗ್ರಾಹಕರಿಗೆ ಪ್ರಕಟಿಸಲಾಯಿತು. ಒಂದು ಯಂತ್ರವೆಂದರೆ ಒಂದು ಕೊಠಡಿಯಷ್ಟು ಗಾತ್ರ ಹಾಗೂ ಅಪಾರ ಬೆಲೆ ಎಂದಿದ್ದ ಕಾಲದಲ್ಲಿ, ಹಂಚಿಕೊಂಡು ಬಳಸುವುದು ಅನಿವಾರ್ಯವಾಗಿತ್ತು. 1974ರಲ್ಲಿ ಪೊಪೆಕ್ ಮತ್ತು ಗೋಲ್ಡ್‌ಬರ್ಗ್ ಎಂಬ ವಿದ್ವಾಂಸರು, ಒಂದು ಸಂಸ್ಕಾರಕವು ಇದಕ್ಕೆ ಅರ್ಹವಾಗಲು ಯಾವ ಗುಣಗಳಿರಬೇಕೆಂದು ನಿರೂಪಿಸಿದರು. ನಮ್ಮ ಮೇಜಿನ ಮೇಲಿನ ಗಣಕಯಂತ್ರಗಳು ಬಹುಕಾಲ ಈ ಅರ್ಹತೆಯನ್ನು ಪಡೆದಿರಲಿಲ್ಲ. ಪೆಂಟಿಯಂ ಸಂಸ್ಕಾರಕದಲ್ಲಿ 17 ಆದೇಶಗಳು ಮೇಲಧಿಕಾರಿಯ ಮುಂದೆ ಬಾರದೆಯೇ ಸದ್ದಿಲ್ಲದೆ ದಾಟಿಹೋಗುತ್ತಿದ್ದವೆಂದು 2000ದಲ್ಲಿ ಪ್ರಕಟವಾದ ಅಧ್ಯಯನವೊಂದು ಗುರುತಿಸಿದೆ. ವಿಎಂವೇರ್ ಸಂಸ್ಥೆಯು 1999ರಲ್ಲಿ ಅಂತಹ ಆದೇಶಗಳನ್ನು ಚಾಲನೆಗೆ ಮುನ್ನವೇ ಹುಡುಕಿ ತಿದ್ದಿ ಬರೆಯುವ ಜಾಣ್ಮೆಯಿಂದ ಈ ಕೊರತೆಯನ್ನು ದಾಟಿತು. 2005ರಲ್ಲಿ ಇಂಟೆಲ್, 2006ರಲ್ಲಿ ಎಎಂಡಿ ಸಂಸ್ಥೆಗಳು ಸಂಸ್ಕಾರಕದಲ್ಲಿಯೇ ಈ ಸೌಲಭ್ಯವನ್ನು ಒದಗಿಸಿದವು. ಅಲ್ಲಿಂದ ಮುಂದೆ ಇದು ಸಾಮಾನ್ಯ ಬಳಕೆದಾರರ ಕೈಗೆಟುಕಿತು.

ಬಳಸುವ ವಿಧಾನ

ಮೊದಲಿಗೆ, ಯಂತ್ರದ ಸಂಸ್ಕಾರಕದಲ್ಲಿನ ಈ ಸೌಲಭ್ಯವು ಚಾಲ್ತಿಯಲ್ಲಿದೆಯೇ ಎಂಬುದನ್ನು ನೋಡಿಕೊಳ್ಳತಕ್ಕದ್ದು. ಇಂಟೆಲ್‌ನಲ್ಲಿ ಇದರ ಹೆಸರು ವಿಟಿ-ಎಕ್ಸ್, ಎಎಂಡಿಯಲ್ಲಿ ಎಎಂಡಿ-ವಿ. ಹಲವು ಯಂತ್ರಗಳಲ್ಲಿ ಇದನ್ನು ಬಯಾಸ್‌ನಲ್ಲಿ ನಿಷ್ಕ್ರಿಯಗೊಳಿಸಿರುತ್ತಾರೆ. ವರ್ಚುಯಲ್ ಮೆಷಿನ್ ನಡೆಯುತ್ತಿಲ್ಲವೆಂಬ ದೂರುಗಳಲ್ಲಿ ಮೊದಲು ನೋಡಬೇಕಾದ ಸ್ಥಳ ಇದೇ.

ತಂತ್ರಾಂಶದ ಆಯ್ಕೆಯಲ್ಲಿ ಪರವಾನಗಿಯ ಷರತ್ತುಗಳನ್ನು ಓದುವುದು ಅವಶ್ಯಕ. ಒರಾಕಲ್ ಸಂಸ್ಥೆಯ ವರ್ಚುಯಲ್‌ಬಾಕ್ಸ್‌ನ ಮೂಲ ಭಾಗವು ಮುಕ್ತ ತಂತ್ರಾಂಶವಾಗಿದ್ದು ಕಚೇರಿಗಳಲ್ಲಿಯೂ ಉಚಿತವಾಗಿ ಬಳಸಬಹುದು. ಆದರೆ ಅದರೊಂದಿಗೆ ದೊರೆಯುವ ಎಕ್ಸ್‌ಟೆನ್ಷನ್ ಪ್ಯಾಕ್ ಎಂಬ ಹೆಚ್ಚುವರಿ ಭಾಗವು ವೈಯಕ್ತಿಕ ಮತ್ತು ಶೈಕ್ಷಣಿಕ ಬಳಕೆಗೆ ಮಾತ್ರ ಉಚಿತ. ಸಂಘ ಸಂಸ್ಥೆಗಳು ಇದನ್ನು ಗಮನಿಸದೆ ಅಳವಡಿಸಿಕೊಂಡರೆ ಮುಂದೆ ಬಿಲ್ಲು ಬರುವ ಸಂಭವವಿರುತ್ತದೆ. ವಿಎಂವೇರ್ ವರ್ಕ್‌ಸ್ಟೇಷನ್ ಪ್ರೊ ತಂತ್ರಾಂಶವನ್ನು, ಆ ಸಂಸ್ಥೆಯು ಬ್ರಾಡ್‌ಕಾಮ್ ಒಡೆತನಕ್ಕೆ ಬಂದ ನಂತರ 2024ರಲ್ಲಿ ಎಲ್ಲರಿಗೂ ಉಚಿತಗೊಳಿಸಲಾಯಿತು. ವಿಂಡೋಸ್‌ನ ಪ್ರೊ ಆವೃತ್ತಿಯಲ್ಲಿ ಹೈಪರ್-ವಿ ಜೊತೆಗೇ ಬರುತ್ತದೆ. ಹೋಮ್ ಆವೃತ್ತಿಯಲ್ಲಿ ಬರುವುದಿಲ್ಲ. ಲಿನಕ್ಸ್ ಬಳಸುವವರಿಗೆ 2007ರಿಂದ ಲಿನಕ್ಸ್‌ನ ತಿರುಳಿನಲ್ಲಿಯೇ ಸೇರಿರುವ ಕೆವಿಎಂ ಲಭ್ಯವಿದೆ.

ನಂತರ ಅತಿಥಿಗೆ ಎಷ್ಟು ಸ್ಮೃತಿ, ಎಷ್ಟು ಡಿಸ್ಕ್ ಎಂಬುದನ್ನು ನಿಗದಿಪಡಿಸಬೇಕು. ಎಕ್ಸ್‌ಪಿ ಮಿತವ್ಯಯಿ. 512 ಎಂಬಿ ಸ್ಮೃತಿ ಮತ್ತು 20 ಜಿಬಿ ಡಿಸ್ಕ್ ನೀಡಿದರೆ ಅದು ತನ್ನ ಕಾಲದಲ್ಲಿ ಕಂಡದ್ದಕ್ಕಿಂತ ಸುಖವಾಗಿರುತ್ತದೆ. ಡಿಸ್ಕಿನ ಕಡತವು ಬೆಳೆಯುವ ಮಾದರಿಯದಾಗಿದ್ದರೆ 20 ಜಿಬಿಯನ್ನು ಒಮ್ಮೆಗೇ ಆಕ್ರಮಿಸುವುದಿಲ್ಲ. ಇಂದಿನ ಉಬುಂಟುವಿನಂತಹ ಲಿನಕ್ಸ್‌ಗೆ 4 ಜಿಬಿ ಸ್ಮೃತಿ ಬೇಕಾಗುವುದರಿಂದ, ಒಟ್ಟು 8 ಜಿಬಿ ಇರುವ ಯಂತ್ರದಲ್ಲಿ ಅದನ್ನು ನಡೆಸಬಹುದು. 4 ಜಿಬಿ ಯಂತ್ರದಲ್ಲಿ ಪ್ರಯತ್ನಿಸದಿರುವುದು ಲೇಸು. ಸ್ಮೃತಿ ಹಂಚಿಕೆಯಲ್ಲಿ ಆತಿಥೇಯಕ್ಕೆ ಅರ್ಧದಷ್ಟಾದರೂ ಉಳಿಸಿಕೊಳ್ಳತಕ್ಕದ್ದು.

ಹಳೆಯ ಯಂತ್ರವು ಇನ್ನೂ ಚಾಲನೆಯಾಗುತ್ತಿದ್ದಲ್ಲಿ, ಅದರ ಡಿಸ್ಕನ್ನು ಸಂಪೂರ್ಣವಾಗಿ ಕಡತರೂಪಕ್ಕೆ ತರುವುದು ಸಾಧ್ಯ. ಮೈಕ್ರೋಸಾಫ್ಟ್‌ನ ಡಿಸ್ಕ್2ವಿಎಚ್‌ಡಿ ಎಂಬ ಸಣ್ಣ ತಂತ್ರಾಂಶವು ನಡೆಯುತ್ತಿರುವ ಯಂತ್ರದಿಂದಲೇ ಇಂತಹ ಪ್ರತಿಯನ್ನು ತೆಗೆಯುತ್ತದೆ. ಸಂರಚನೆಗಳು, ಅಕ್ಷರಶೈಲಿಗಳು, ಎಂದೋ ಯಾರೋ ಮಾಡಿಟ್ಟು ಹೋದ ಹೊಂದಾಣಿಕೆಗಳು ಇದ್ದಂತೆಯೇ ಬರುತ್ತವೆ. ಅಳವಡಿಕೆಯ ಸಿಡಿ ಕಳೆದುಹೋಗಿರುವ ತಂತ್ರಾಂಶಗಳಿಗೆ ಇದೊಂದೇ ದಾರಿ. ಈ ಕಾರಣದಿಂದ ಯಂತ್ರವು ಕೆಟ್ಟ ನಂತರಕ್ಕಿಂತ ಕೆಡುವ ಮುನ್ನ ಈ ಕೆಲಸ ಮಾಡುವುದು ಸೂಕ್ತ. ಇಲ್ಲಿ ಪರವಾನಗಿಯ ತೊಡಕೊಂದಿದೆ. ಯಂತ್ರದೊಂದಿಗೆ ಮಾರಾಟವಾದ ಎಕ್ಸ್‌ಪಿಯ ಪರವಾನಗಿಯು ಆ ಯಂತ್ರಕ್ಕೆ ಮಾತ್ರ ಸೀಮಿತ; ಪ್ರತ್ಯೇಕವಾಗಿ ಖರೀದಿಸಿದ್ದು ಬೇರೆ ಯಂತ್ರಕ್ಕೆ ವರ್ಗಾಯಿಸಲು ಬರುತ್ತದೆ. ವಿಂಡೋಸ್ 7ರ ಕೆಲವು ಆವೃತ್ತಿಗಳಿಗೆ ಉಚಿತವಾಗಿ ನೀಡಲಾಗಿದ್ದ ಎಕ್ಸ್‌ಪಿ ಮೋಡ್‌ನ ಹಕ್ಕು ಸಹ ವಿಂಡೋಸ್ 7ಕ್ಕೆ ಹೊಂದಿಕೊಂಡಿದ್ದು. ಖರೀದಿಯ ರಸೀದಿ ಹಾಗೂ ಯಂತ್ರದ ಮೇಲಿನ ಚೀಟಿಯನ್ನು ಪರಿಶೀಲಿಸಿ ಮುಂದುವರಿಯತಕ್ಕದ್ದು.

ಅತಿಥಿಯು ಎಕ್ಸ್‌ಪಿಯಾಗಿದ್ದಲ್ಲಿ ಅದರ ಜಾಲಸಂಪರ್ಕವನ್ನು ಸಂಪೂರ್ಣವಾಗಿ ಕಡಿತಗೊಳಿಸತಕ್ಕದ್ದು. ಹಳೆಯ ಪತ್ರ ತೆರೆಯಲು, ಖಾತೆ ಮುದ್ರಿಸಲು ಅಂತರಜಾಲದ ಅಗತ್ಯವೇ ಇಲ್ಲ. ಕಡತಗಳನ್ನು ಹೊರತರಲು ಆತಿಥೇಯ ಮತ್ತು ಅತಿಥಿಗಳ ನಡುವೆ ಹಂಚಿಕೆಯ ಕೋಶವೊಂದನ್ನು ನಿಗದಿಪಡಿಸಬಹುದು. ಯುಎಸ್‌ಬಿ ಬೀಗವುಳ್ಳ ತಂತ್ರಾಂಶಗಳನ್ನು ಅತಿಥಿಗೆ ಜೋಡಿಸಲು ಅವಕಾಶವಿದೆ. ಹಳೆಯ ಮುದ್ರಕದ ಸಮಾನಾಂತರ ಕಿಂಡಿಗೆ ಸಿಕ್ಕಿಸುತ್ತಿದ್ದ ಬೀಗಗಳ ವಿಷಯದಲ್ಲಿ ಮಾತ್ರ ಭರವಸೆ ಇಟ್ಟುಕೊಳ್ಳುವಂತಿಲ್ಲ.

ಸ್ನ್ಯಾಪ್‌ಷಾಟ್ ಎಂಬ ಸೌಲಭ್ಯದಿಂದ ಅತಿಥಿಯ ಸ್ಥಿತಿಯನ್ನು ಒಂದು ಕ್ಷಣದಲ್ಲಿ ದಾಖಲಿಸಿ, ಪ್ರಯೋಗ ಕೆಟ್ಟರೆ ಅದೇ ಕ್ಷಣಕ್ಕೆ ಹಿಂದಿರುಗಬಹುದು. ಇದು ಬಹಳ ಅನುಕೂಲಕರ. ಆದರೆ ಇದನ್ನೇ ನಕಲು ಪ್ರತಿಯೆಂದು ತಿಳಿಯುವುದು ಅಪಾಯ. ಸ್ನ್ಯಾಪ್‌ಷಾಟ್ ಇರುವುದು ಅದೇ ಡಿಸ್ಕಿನಲ್ಲಿ. ಡಿಸ್ಕ್ ಹೋದರೆ ಎರಡೂ ಹೋಗುತ್ತವೆ. ಅತಿಥಿಯನ್ನು ಕ್ರಮಬದ್ಧವಾಗಿ ಮುಚ್ಚಿ, ಅದರ ಇಡೀ ಕೋಶವನ್ನು ಹೊರಗಿನ ಡಿಸ್ಕಿಗೆ ಪ್ರತಿ ಮಾಡಿ, ಬೇರೆ ಕಟ್ಟಡದಲ್ಲಿ ಇರಿಸುವುದೇ ನಕಲು ಪ್ರತಿ. ಚಾಲನೆಯಲ್ಲಿರುವಾಗ ತೆಗೆದ ಪ್ರತಿಯನ್ನು ನಂಬಲಾಗದು. ನದಿ ತೀರದ ಊರುಗಳಲ್ಲಿ ಮಳೆಗಾಲಕ್ಕೆ ಮುನ್ನ ಇದನ್ನು ಮುಗಿಸಿಕೊಳ್ಳುವುದು ವಿವೇಕ.

ಎಷ್ಟು ಕಾಲ ಉಳಿಸಬೇಕು?

ಕಂಪನಿಗಳು 2013ರ ಕಂಪನಿ ಕಾಯ್ದೆಯ 128ನೇ ಪ್ರಕರಣದಂತೆ ಎಂಟು ಹಣಕಾಸು ವರ್ಷಗಳ ಲೆಕ್ಕಪುಸ್ತಕಗಳನ್ನು ಇಟ್ಟಿರಬೇಕು. ಸರಕು ಮತ್ತು ಸೇವಾ ತೆರಿಗೆಯಡಿ ನೋಂದಾಯಿತ ವರ್ತಕರು ವಾರ್ಷಿಕ ವಿವರಪಟ್ಟಿ ಸಲ್ಲಿಸಬೇಕಾದ ದಿನಾಂಕದಿಂದ 72 ತಿಂಗಳವರೆಗೆ ದಾಖಲೆಗಳನ್ನು ಉಳಿಸಬೇಕು. ಮೇಲ್ಮನವಿ ಬಾಕಿ ಇದ್ದಲ್ಲಿ ಇನ್ನೂ ಹೆಚ್ಚು ಕಾಲ. ತಂತ್ರಾಂಶವೇ ತೆರೆಯದಿದ್ದರೆ ದಾಖಲೆ ಇಟ್ಟಿರುವುದಾಗಿ ಹೇಳಿಕೊಳ್ಳುವುದರಿಂದ ಪರಿಶೋಧಕರ ಮುಂದೆ ಪ್ರಯೋಜನವಾಗುವುದಿಲ್ಲ. ಲೆಕ್ಕ ವಹಿವಾಟಿನ ದೃಷ್ಟಿಯಿಂದ ನೋಡಿದಾಗ, ಇಡೀ ಖಾತೆಗಳನ್ನು ಹೊಸ ತಂತ್ರಾಂಶಕ್ಕೆ ಮರುನಮೂದಿಸುವ ವೆಚ್ಚಕ್ಕಿಂತ ವರ್ಚುಯಲ್ ಮೆಷಿನ್ ವೆಚ್ಚವು ಅತ್ಯಲ್ಪ. ಹೀಗಿದ್ದರೂ ಇದು ತಾತ್ಕಾಲಿಕ ಆಸರೆ. ಅತಿಥಿಯ ಒಳಗಿನಿಂದ ಖಾತೆಗಳನ್ನು ಪಿಡಿಎಫ್‌ಗೆ ಮುದ್ರಿಸಿ, ಪಟ್ಟಿಗಳನ್ನು ಸರಳ ಪಠ್ಯವಾಗಿ ರಫ್ತು ಮಾಡಿ, ಕನ್ನಡವನ್ನು ಯುನಿಕೋಡ್‌ಗೆ ತಂದು ಇಟ್ಟುಕೊಂಡಲ್ಲಿ ಮುಂದಿನ ಬಾರಿ ಎಕ್ಸ್‌ಪಿಯನ್ನು ಎಬ್ಬಿಸುವ ಪ್ರಮೇಯ ಬರುವುದಿಲ್ಲ.

ಇತರೆ ಉಪಯೋಗಗಳು

ಹೊಸ ವ್ಯವಸ್ಥೆಯನ್ನು ಕಲಿಯಲು ಸಹ ಈ ವಿಧಾನವು ನೆರವಾಗುತ್ತದೆ. ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ, ಕೇರಳ ರಾಜ್ಯದ ಐಟಿ@ಸ್ಕೂಲ್ ಯೋಜನೆ ಹಾಗೂ ಅದರ ಉತ್ತರಾಧಿಕಾರಿಯಾದ ಕೈಟ್ ಸಂಸ್ಥೆಯ ಮೂಲಕ, ಲಿನಕ್ಸ್ ಆಧಾರಿತ ವ್ಯವಸ್ಥೆಯಲ್ಲಿಯೇ ಗಣಕ ಪಾಠಗಳು ನಡೆಯುತ್ತವೆ. ಮನೆಯ ಗಣಕಯಂತ್ರದಲ್ಲಿ ವಿಂಡೋಸ್ ಇರುವ ವಿದ್ಯಾರ್ಥಿಯು, ತಂದೆಯ ಲೆಕ್ಕಪತ್ರಗಳಿಗೆ ಧಕ್ಕೆ ಬಾರದಂತೆ, ಕಿಟಕಿಯೊಳಗೆ ಲಿನಕ್ಸ್ ತೆರೆದು ಅಭ್ಯಾಸ ಮಾಡಬಹುದು. ಸಿ-ಡ್ಯಾಕ್ ಸಂಸ್ಥೆಯು ಅಭಿವೃದ್ಧಿಪಡಿಸಿದ, ಭಾರತೀಯ ಭಾಷೆಗಳನ್ನು ಬೆಂಬಲಿಸುವ ಬಾಸ್ ಲಿನಕ್ಸ್ ಅನ್ನು ಕೂಡ ಇದೇ ರೀತಿ ಪರೀಕ್ಷಿಸಿ ನೋಡಬಹುದು. ದೊಡ್ಡ ಪ್ರಮಾಣದಲ್ಲಿ ಇದೇ ತತ್ವವು ದತ್ತಾಂಶ ಕೇಂದ್ರಗಳ ಆಧಾರ. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು 2014ರಲ್ಲಿ ಆರಂಭಿಸಿದ ಕ್ಲೌಡ್ ಸೇವೆಯಲ್ಲಿ ಇಲಾಖೆಗಳಿಗೆ ಹಂಚಿಕೆಯಾಗುವ ಸರ್ವರ್‌ಗಳು ಬಹುಪಾಲು ಇಂತಹ ಕಲ್ಪಿತ ಗಣಕಗಳೇ.

ಹಳೆಯ ಗಣಕಯಂತ್ರದ ವಿಲೇವಾರಿ

ಅತಿಥಿಯು ಹೊಸ ಯಂತ್ರದಲ್ಲಿ ಸರಿಯಾಗಿ ನಡೆಯುತ್ತಿದೆಯೆಂದು ಒಂದು ಪೂರ್ಣ ಲೆಕ್ಕವರ್ಷದ ಮುಕ್ತಾಯದವರೆಗೆ ಪರೀಕ್ಷಿಸಿದ ನಂತರವೇ ಹಳೆಯ ಯಂತ್ರವನ್ನು ಬಿಟ್ಟುಕೊಡತಕ್ಕದ್ದು. ಅದರ ಹಾರ್ಡ್ ಡಿಸ್ಕನ್ನು ಹೊರತೆಗೆದು ನಕಲು ಪ್ರತಿಗಳೊಂದಿಗೆ ಇರಿಸಿಕೊಳ್ಳಬಹುದು. ಬೇಡವಾದಲ್ಲಿ ಕಡತಗಳನ್ನು ಅಳಿಸಿದರಷ್ಟೇ ಸಾಲದು. ಡಿಸ್ಕಿನ ಮೇಲೆ ಮರುಬರೆಯುವ ತಂತ್ರಾಂಶ ಬಳಸಿ ಅಥವಾ ಭೌತಿಕವಾಗಿ ನಾಶಪಡಿಸಿ ಸದಸ್ಯರ ವಿವರಗಳು ಹೊರಹೋಗದಂತೆ ನೋಡಿಕೊಳ್ಳಬೇಕು. ಉಳಿದ ಯಂತ್ರವು 2022ರ ಇ-ತ್ಯಾಜ್ಯ ನಿರ್ವಹಣಾ ನಿಯಮಗಳ ವ್ಯಾಪ್ತಿಗೆ ಬರುವುದರಿಂದ ಅದನ್ನು ಗುಜರಿಗೆ ಹಾಕದೆ ನೋಂದಾಯಿತ ಮರುಬಳಕೆದಾರರಿಗೆ ನೀಡಿ, ಸ್ವೀಕೃತಿ ಪತ್ರವನ್ನು ಪಡೆದು ದಾಸ್ತಾನು ವಹಿಯಲ್ಲಿ ಷರಾ ಬರೆಯತಕ್ಕದ್ದು.